ಶೀತಪ್ರದೇಶಕ್ಕೆ ತಕ್ಕ ಉಕ್ಕು

ಬೆಂಗಳೂರಿನ ಪೀಣ್ಯದಲ್ಲಿ ಬೆಸುಗೆಯ ಕಿಡಿ ಹಾರದ ಬೀದಿ ವಿರಳ. ಅಲ್ಲಿ ಬೆಸೆದ ಚೌಕಟ್ಟೊಂದು ಲಡಾಖಿನ ದ್ರಾಸಿಗೆ ಹೋಗುವುದೆಂದು ಭಾವಿಸೋಣ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತಿ ಕಡಮೆ ಉಷ್ಣಮಾನವು 1884ನೆಯ ಜನವರಿಯ 7.8 ಡಿಗ್ರಿ. ದ್ರಾಸಿನಲ್ಲಾದರೋ ಚಳಿಗಾಲದ ರಾತ್ರಿ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಇಲ್ಲಿ ಬಾಗುವ ಉಕ್ಕು ಅಲ್ಲಿ ಗಾಜಿನಂತೆ ಒಡೆಯಬಹುದು.

ಸಾಧಾರಣವಾಗಿ ಉಕ್ಕು ಮುರಿಯುವ ಮುನ್ನ ಬಾಗಿ ಎಚ್ಚರಿಕೆ ಕೊಡುತ್ತದೆ. ಚಳಿಯಲ್ಲಿ ಈ ಗುಣ ಕುಂದಿ, ಸಣ್ಣ ಬಿರುಕೂ ಕ್ಷಣದಲ್ಲಿ ಹಬ್ಬುವುದು. ರಿವೆಟ್ಟು ಹೊಡೆದ ರಚನೆಯಲ್ಲಿ ಬಿರುಕು ಹಲಗೆಯ ಅಂಚಿನಲ್ಲಿ ನಿಲ್ಲಬಹುದು. ಬೆಸೆದುದರಲ್ಲಿ ಎಲ್ಲವೂ ಒಂದೇ ಆದುದರಿಂದ ಮುಂದಕ್ಕೆ ಓಡುವುದು. 1943ನೆಯ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲನೌಕೆ, ದಡದಲ್ಲಿ ಕಟ್ಟಿದ್ದಂತೆಯೇ, ಶಾಂತವಾದ ನೀರಿನಲ್ಲಿ ಸೀಳಿಹೋಯಿತು.

ಹಲಗೆ ದಪ್ಪವಾದಷ್ಟೂ ಕ್ಷೇಮವೆಂಬುದು ಭ್ರಮೆ. ದಪ್ಪ ಹೆಚ್ಚಿದಂತೆ ಒಡೆಯುವ ಸ್ವಭಾವವೂ ಹೆಚ್ಚುವುದು. ಕೇಳಬೇಕಾದುದು ಒಂದೇ: ಯಾವ ಉಷ್ಣಮಾನದಲ್ಲಿ ಪೆಟ್ಟಿನ ಪರೀಕ್ಷೆ ನಡೆದಿದೆ? ಇದೇ ಚಾರ್ಪಿ ಪರೀಕ್ಷೆ. ಭಾರತೀಯ ಮಾನಕ 2062ರಲ್ಲಿ ‘ಎ’ ದರ್ಜೆಗೆ ಈ ಪರೀಕ್ಷೆಯಿಲ್ಲ. ‘ಬಿ ಸೊನ್ನೆ’ಗೆ ಸೊನ್ನೆ ಡಿಗ್ರಿಯಲ್ಲಿ, ‘ಸಿ’ಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಉಂಟು. ದ್ರಾಸಿನ ರಾತ್ರಿಗೆ ಅದೂ ಸಾಲದು. ಕಾಯಿಸಿ ಗಾಳಿಯಲ್ಲಿ ತಣಿಸಿದ, ಸಣ್ಣ ಕಣರಚನೆಯ, ಇಂಗಾಲ ಗಂಧಕ ರಂಜಕಗಳು ಮಿತವಾಗಿರುವ ಮ್ಯಾಂಗನೀಸ್ ಉಕ್ಕನ್ನು, ಸೊನ್ನೆಗಿಂತ 45 ಡಿಗ್ರಿಯಷ್ಟು ಕೆಳಗೆ ಪರೀಕ್ಷಿಸಿ ಕೊಡುವಂತೆ ಬೇಡಿಕೆಯಲ್ಲಿಯೇ ಬರೆಯಬೇಕು. ಅಮೆರಿಕದ ಎ 516 ಮಾನಕದ ಹಲಗೆ ಇಂಥದು.

ಶೇಕಡಾ 9 ನಿಕ್ಕಲ್ಲಿನ ಉಕ್ಕು ಇದಕ್ಕಿಂತಲೂ ಉತ್ತಮವಲ್ಲವೇ ಎಂದು ಕೇಳಬಹುದು. ಅದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ತೊಟ್ಟಿಗೆ ತಕ್ಕುದು. ನಿಕ್ಕಲ್ ದುಬಾರಿಯಾದುದರಿಂದ ದ್ರಾಸಿನ ಚೌಕಟ್ಟಿಗೆ ಅದು ವ್ಯರ್ಥವ್ಯಯ. ಅಗತ್ಯವನ್ನು ಮೀರದೆ, ಅಗತ್ಯಕ್ಕೆ ಕಡಮೆಯೂ ಆಗದೆ ಕೊಳ್ಳುವುದೇ ನಿಜವಾದ ಮಿತವ್ಯಯ.

ಹಲಗೆ ಒಳ್ಳೆಯದಾದರೆ ಸಾಲದು. ಬೆಸುಗೆಯ ಲೋಹವೂ ಅದರ ಪಕ್ಕದ ಕಾದ ಭಾಗವೂ ಅದೇ ಚಳಿಯಲ್ಲಿ ಪರೀಕ್ಷಿತವಾಗಿರಬೇಕು. ಆದುದರಿಂದ ಕೆಲಸಕ್ಕೆ ಮೊದಲು ಅದೇ ವಿಧಾನದಲ್ಲಿ ಮಾದರಿಯ ತುಂಡೊಂದನ್ನು ಬೆಸೆದು ನೋಡುವರು. ಜಲಜನಕ ಕಡಮೆಯಿರುವ ಕಡ್ಡಿಗಳನ್ನು ಒಲೆಯಲ್ಲಿ ಒಣಗಿಸಿಯೇ ಬಳಸಬೇಕು. ತೇವವು ಬೆಸುಗೆಯೊಳಗೆ ಬಿರುಕನ್ನು ಬಿತ್ತುವುದು. ಚೂಪಾದ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಬೇಕು.

ಕಡೆಯದಾಗಿ, ಹಲಗೆಯ ಮೇಲೆ ಒತ್ತಿದ ಎರಕದ ಸಂಖ್ಯೆಯೂ ಪ್ರಮಾಣಪತ್ರದ ಸಂಖ್ಯೆಯೂ ಒಂದೇ ಎಂದು ಕಣ್ಣಾರೆ ನೋಡಬೇಕು. ಆ ಚೌಕಟ್ಟಿನ ಕೆಳಗೆ ಮಲಗುವವರು ನಮ್ಮನ್ನು ನೋಡಿದವರಲ್ಲ. ನಮ್ಮ ಎಚ್ಚರಿಕೆಯೊಂದೇ ಅವರಿಗೆ ಆಸರೆ. ಉಕ್ಕು ಕೊಳ್ಳುವಾಗ ನಾವು ವಿಚಾರಿಸಬೇಕಾದುದು ನಮ್ಮೂರಿನ ಹವೆಯನ್ನಲ್ಲ, ಅದು ನಿಲ್ಲುವ ಊರಿನ ಹವೆಯನ್ನು.