ನಿಮಗಿದು ಗೊತ್ತೇ? ಕೈತಪ್ಪಿದ ಚೆಂಡಿನ ಬೆಲೆ ನಾಲ್ಕು ಅಂಕ!

ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಗೆದ್ದವರು ಯಾರೆಂದು ಸ್ಕೋರ್ ನೋಡದೆ ಹೇಳಬೇಕೇ? ಯಾವ ತಂಡ ಎಷ್ಟು ಸಲ ಚೆಂಡನ್ನು ಎದುರಾಳಿಯ ಕೈಗಿತ್ತಿತು ಎಂಬುದೊಂದನ್ನೇ ಕೇಳಿ, ಕಡಿಮೆ ಸಲ ಕೊಟ್ಟವರ ಹೆಸರು ಹೇಳಿಬಿಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯಗಳಲ್ಲಿ ಹತ್ತಕ್ಕೆ ಏಳೆಂಟು ಸಲ ನಿಮ್ಮ ಮಾತೇ ನಿಜವಾಗುತ್ತದೆ. ವ್ಯತ್ಯಾಸ ಮೂರಕ್ಕೇರಿದರೆ ಹತ್ತಕ್ಕೆ ಒಂಬತ್ತರ ಆಸುಪಾಸು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. 100 ಯಾರ್ಡ್ ಅಂಗಳ, ತಂಡಕ್ಕೆ 11 ಮಂದಿ. ಚೆಂಡು ಹಿಡಿದವರಿಗೆ ನಾಲ್ಕು ಯತ್ನ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಸಾಗಿದರೆ ಮತ್ತೆ ನಾಲ್ಕು. ಸಾಗುವ ಲಕ್ಷಣ ಕಾಣದಿದ್ದರೆ ನಾಲ್ಕನೆಯ ಯತ್ನದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುವುದು, ಅದು ಪಂಟ್. ಇದು ಮರ್ಯಾದೆಯ ಒಪ್ಪಿಸುವಿಕೆ. ಚೆಂಡು ಕೈತಪ್ಪಿ ಎದುರಾಳಿಯ ಪಾಲಾಗುವ ಟರ್ನೋವರ್ ಹಾಗಲ್ಲ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದ ಪಾಸ್ ಎದುರಾಳಿಯ ಕೈಸೇರಿದರೆ ಇಂಟರ್‌ಸೆಪ್ಷನ್. ಜಾರಿಬಿದ್ದ ಚೆಂಡನ್ನು ಎದುರಾಳಿ ಬಾಚಿಕೊಂಡರೆ ಫಂಬಲ್ ನಷ್ಟ. ನಾಲ್ಕೂ ಯತ್ನ ಸೋತು ಚೆಂಡು ಬಿಟ್ಟುಕೊಟ್ಟದ್ದು ಅಧಿಕೃತ ಟರ್ನೋವರ್ ಲೆಕ್ಕಕ್ಕೆ ಸೇರುವುದಿಲ್ಲ. ಪರಿಣಾಮ ಒಂದೇ ಆದರೂ ಸೇರುವುದಿಲ್ಲ!

ಈ ಆಟದ ಅಂಕಗಣಿತಕ್ಕೆ ದಾರಿ ತೋರಿದವರಲ್ಲಿ ಒಬ್ಬ ಸ್ವತಃ ಕ್ವಾರ್ಟರ್‌ಬ್ಯಾಕ್. ಸಿನ್ಸಿನಾಟಿ ಬೆಂಗಾಲ್ಸ್ ತಂಡದ ವರ್ಜಿಲ್ ಕಾರ್ಟರ್ ಮತ್ತು ಪ್ರಾಧ್ಯಾಪಕ ರಾಬರ್ಟ್ ಮ್ಯಾಕಾಲ್ ಸೇರಿ 1971ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಂಗಳದ ಯಾವ ಜಾಗದಲ್ಲಿ ಚೆಂಡು ಕೈಲಿದ್ದರೆ ಸರಾಸರಿ ಎಷ್ಟು ಅಂಕದ ಬೆಲೆ ಎಂಬುದು ಅದರ ವಿಷಯ. ತನ್ನದೇ ಗೋಲ್ ಗೆರೆಯ ಬುಡದಲ್ಲಿ ಚೆಂಡು ಸಿಕ್ಕರೆ ಅದರ ಬೆಲೆ ಸೊನ್ನೆಗಿಂತಲೂ ಕೆಳಗೆ ಎಂದು ಅವರು ತೋರಿಸಿದರು. ಅಲ್ಲಿ ಚೆಂಡು ಹಿಡಿದು ನಿಂತವನೇ ಸಾಲಗಾರ.

1988ರಲ್ಲಿ ಬಾಬ್ ಕ್ಯಾರಲ್, ಪೀಟ್ ಪಾಮರ್, ಜಾನ್ ಥಾರ್ನ್ ಎಂಬ ಮೂವರು ‘ದಿ ಹಿಡನ್ ಗೇಮ್ ಆಫ್ ಫುಟ್‌ಬಾಲ್’ ಪುಸ್ತಕದಲ್ಲಿ ಈ ಲೆಕ್ಕವನ್ನು ಇನ್ನಷ್ಟು ಸರಳಗೊಳಿಸಿದರು. ನಿಮ್ಮ ಗೆರೆಯ ಬಳಿ ಚೆಂಡಿದ್ದರೆ ಮೈನಸ್ 2, ನಟ್ಟನಡುವೆ 2, ಎದುರಾಳಿಯ ಗೆರೆಯ ಬಳಿ 6. ಈಗ ನಡುವಿನಲ್ಲಿ ಚೆಂಡು ಕಳೆದುಕೊಳ್ಳಿ: ನಿಮ್ಮ 2 ಹೋಯಿತು, ಅವರಿಗೆ 2 ಬಂತು, ಒಟ್ಟು ನಷ್ಟ 4. ಎದುರಾಳಿಯ ಗೆರೆಯ ಬಳಿ ಕಳೆದುಕೊಳ್ಳಿ: ನಿಮ್ಮ 6 ಹೋಯಿತು, ಆದರೆ ಅವರು ಸಿಕ್ಕಿಬಿದ್ದಿರುವುದು ಮೈನಸ್ 2ರ ಜಾಗದಲ್ಲಿ, ನಷ್ಟ ಮತ್ತೆ 4. ಎಲ್ಲಿ ಬಿಟ್ಟರೂ ನಾಲ್ಕೇ! ಈಚಿನ ಕಂಪ್ಯೂಟರ್ ಲೆಕ್ಕಗಳು ಇದಕ್ಕಿಂತ ಸೂಕ್ಷ್ಮ, ಆದರೂ ಈ ನಾಲ್ಕು ಅಂಕದ ಅಂದಾಜು ತೀರಾ ಹಳಸಿಲ್ಲ. ಮೂರು ಅಂಕದಲ್ಲಿ ಹಣೆಬರಹ ತೀರ್ಮಾನವಾಗುವ ಪಂದ್ಯಗಳು ಸಾಮಾನ್ಯವಾಗಿರುವ ಆಟದಲ್ಲಿ ನಾಲ್ಕು ಅಂಕ ಎಂದರೆ ಸಣ್ಣ ಮೊತ್ತವಲ್ಲ.

ಜಾರಿದ ಚೆಂಡು ಯಾರ ಪಾಲು? ಎರಡೂ ತುದಿ ಚೂಪಾದ ಚೆಂಡು ನೆಲಕ್ಕೆ ಬಿದ್ದರೆ ಯಾವ ದಿಕ್ಕಿಗೆ ಪುಟಿಯುತ್ತದೋ ದೇವರಿಗೇ ಗೊತ್ತು. ವರ್ಷಗಟ್ಟಲೆಯ ಅಂಕಿಅಂಶ ಹೇಳುವುದು ಇಷ್ಟೇ: ಹೆಚ್ಚುಕಡಿಮೆ ಅರ್ಧ ನಿಮಗೆ, ಅರ್ಧ ಅವರಿಗೆ. ಚೆಂಡನ್ನು ಬೀಳಿಸುವುದು ಕಲೆ, ಬಿದ್ದದ್ದನ್ನು ಹಿಡಿಯುವುದು ಲಾಟರಿ. ಈ ವರ್ಷ ಸಿಕ್ಕಾಪಟ್ಟೆ ಫಂಬಲ್ ಬಾಚಿಕೊಂಡು ಮೆರೆದ ತಂಡ ಮುಂದಿನ ವರ್ಷ ಮಂಕಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಬೀಳಿಸುವ ಕಲೆಯಲ್ಲಿ ಶಿಕಾಗೊ ಬೇರ್ಸ್‌ನ ಚಾರ್ಲ್ಸ್ ಟಿಲ್‌ಮನ್‌ಗೆ ಸಾಟಿಯಿಲ್ಲ. ಎದುರಾಳಿಯನ್ನು ತಬ್ಬಿ ಕೆಡವುವುದರ ಜೊತೆಗೇ ಅವನ ಕಂಕುಳಲ್ಲಿದ್ದ ಚೆಂಡಿಗೆ ಮುಷ್ಟಿಯಿಂದ ಒಂದು ಗುದ್ದು. ಟಿಲ್‌ಮನ್‌ನ ಅಡ್ಡಹೆಸರು ಪೀನಟ್, ಹಾಗಾಗಿ ಅದು ‘ಪೀನಟ್ ಪಂಚ್’. 2012ರಲ್ಲಿ ಟೆನಿಸಿ ಟೈಟನ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಚೆಂಡು ಉದುರಿಸಿದ. ಆಟ ಬಿಟ್ಟ ಮೇಲೆ ಎಫ್‌ಬಿಐ ಏಜೆಂಟ್ ಆದ!

ಬೀಳಿಸಿಕೊಳ್ಳುವ ಚಟವನ್ನು ಬಿಡಿಸಲೂಬಹುದು. ನ್ಯೂಯಾರ್ಕ್ ಜೈಂಟ್ಸ್‌ನ ಟಿಕಿ ಬಾರ್ಬರ್ 2003ರಲ್ಲಿ ಒಂಬತ್ತು ಸಲ ಚೆಂಡು ಕೈಬಿಟ್ಟಿದ್ದ. ಮರುವರ್ಷ ಬಂದ ಕೋಚ್ ಟಾಮ್ ಕಾಫ್ಲಿನ್ ಹಿಡಿತವನ್ನೇ ಬದಲಿಸಿದರು. ಚೆಂಡು ಸೊಂಟದ ಬಳಿ ಇರಕೂಡದು, ಎದೆಯ ಮೇಲ್ಭಾಗಕ್ಕೆ ಒತ್ತಿ ನಿಲ್ಲಿಸಬೇಕು, ಮೊಣಕೈ ಪಕ್ಕೆಗೆ ಅಂಟಬೇಕು. 2005ರಲ್ಲಿ ಬಾರ್ಬರ್ ಓಡಿದ್ದು 1,860 ಯಾರ್ಡ್; ಫಂಬಲ್ ಒಂದೇ ಒಂದು.

ಈಗ 1978ಕ್ಕೆ ಬನ್ನಿ. ಆ ವರ್ಷದ ಗಾಳಿಯಲ್ಲೇ ಏನೋ ಇತ್ತು.

ಸೆಪ್ಟೆಂಬರ್ 10, ಸ್ಯಾನ್ ಡಿಯಾಗೊ. ಸಮಯ ಮುಗಿಯುತ್ತಿದೆ, ಓಕ್‌ಲ್ಯಾಂಡ್ ರೈಡರ್ಸ್ ಆರು ಅಂಕ ಹಿಂದೆ. ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್‌ನನ್ನು ಎದುರಾಳಿ ಹಿಡಿದಾಗಿದೆ. ಇನ್ನೇನು ಕೆಡವಿದರು ಎನ್ನುವಾಗ ಚೆಂಡು ಅವನ ಕೈಯಿಂದ ಮುಂದಕ್ಕೆ ಉರುಳಿತು. ಒಬ್ಬ ಅದನ್ನು ತಳ್ಳಿದ, ಸಹ ಆಟಗಾರ ಡೇವ್ ಕ್ಯಾಸ್ಪರ್ ಕಾಲಲ್ಲಿ ನೂಕಿ ಗೋಲ್ ಗೆರೆಯಾಚೆಯ ಎಂಡ್ ಝೋನ್‌ನಲ್ಲಿ ಅದರ ಮೇಲೆ ಬಿದ್ದ. ಟಚ್‌ಡೌನ್! ರೈಡರ್ಸ್‌ಗೆ 21-20 ಜಯ. ಬೇಕೆಂದೇ ಬಿಟ್ಟದ್ದು ಎಂದು ಸ್ಟೇಬ್ಲರ್ ಆಮೇಲೆ ಒಪ್ಪಿಕೊಂಡ. ಮರುವರ್ಷ ನಿಯಮ ಬದಲಾಯಿತು: ಕೊನೆಯ ಎರಡು ನಿಮಿಷದಲ್ಲಿ ಮತ್ತು ನಾಲ್ಕನೆಯ ಯತ್ನದಲ್ಲಿ, ಚೆಂಡು ಬಿಟ್ಟ ತಂಡದವರ ಪೈಕಿ ಬಿಟ್ಟವನು ಮಾತ್ರ ಅದನ್ನೆತ್ತಿ ಮುಂದೊಯ್ಯಬಹುದು.

ನವೆಂಬರ್ 19, ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂ. ಜೈಂಟ್ಸ್ 17, ಫಿಲಡೆಲ್ಫಿಯಾ ಈಗಲ್ಸ್ 12. ಉಳಿದಿರುವುದು ಅರ್ಧ ನಿಮಿಷ, ಚೆಂಡು ಜೈಂಟ್ಸ್ ಕೈಲಿ, ಈಗಲ್ಸ್ ಬಳಿ ಟೈಮ್‌ಔಟ್ ಖಾಲಿ. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ನೆಲಕ್ಕೆ ಕೂತರೆ ಸಾಕು, ಪಂದ್ಯ ಮುಗಿಯಿತು. ಆದರೆ ಬೆಂಚಿನಿಂದ ಬಂದ ಆದೇಶ ಬೇರೆ: ಚೆಂಡನ್ನು ಲ್ಯಾರಿ ಜೋಂಕಾಗೆ ಕೊಟ್ಟು ಓಡಿಸು. ಚೆಂಡು ಜೋಂಕಾನ ಸೊಂಟಕ್ಕೆ ತಾಗಿ ಕೆಳಗೆ ಬಿತ್ತು. ಪಿಸಾರ್ಚಿಕ್ ಅದರ ಮೇಲೆ ಹಾರಿದ, ಸಿಗಲಿಲ್ಲ. ಪುಟಿದ ಚೆಂಡು ನೇರ ಈಗಲ್ಸ್‌ನ ಹರ್ಮನ್ ಎಡ್ವರ್ಡ್ಸ್ ಕೈಗೆ. 26 ಯಾರ್ಡ್ ಓಡಿ ಟಚ್‌ಡೌನ್. ಈಗಲ್ಸ್ 19, ಜೈಂಟ್ಸ್ 17. ಆದೇಶ ಕೊಟ್ಟ ಸಹಾಯಕ ಕೋಚ್ ಬಾಬ್ ಗಿಬ್ಸನ್‌ರನ್ನು ಮರುದಿನವೇ ಮನೆಗೆ ಕಳಿಸಿದರು. ಇಂದು ಗೆಲ್ಲುತ್ತಿರುವ ತಂಡ ಕೊನೆಯಲ್ಲಿ ಮೊಣಕಾಲೂರಿ ಗಡಿಯಾರ ಓಡಿಸುತ್ತದಲ್ಲ, ಅದು ಗಟ್ಟಿ ಪದ್ಧತಿಯಾದದ್ದು ಆ ಭಾನುವಾರದಿಂದ. ಹಿಂದೆ ದೂರದಲ್ಲಿ ಒಬ್ಬನೇ ನಿಂತಿರುತ್ತಾನೆ, ಗಮನಿಸಿ. ಚೆಂಡು ಎಡವಟ್ಟಾದರೆ ಇನ್ನೊಬ್ಬ ಎಡ್ವರ್ಡ್ಸ್‌ನನ್ನು ಹಿಡಿಯಲು ನೇಮಿಸಿದ ಕಾವಲುಗಾರ ಅವನು.

ಡಿಸೆಂಬರ್ 29, ಕಾಲೇಜು ಫುಟ್‌ಬಾಲ್‌ನ ಗೇಟರ್ ಬೌಲ್ ಪಂದ್ಯ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ದೈತ್ಯ ಕೋಚ್ ವುಡಿ ಹೇಯ್ಸ್. ಕೊನೆಯ ನಿಮಿಷಗಳಲ್ಲಿ ಕ್ಲೆಮ್ಸನ್‌ನ ಚಾರ್ಲಿ ಬೌಮನ್ ಪಾಸ್ ಕಸಿದುಕೊಂಡು ಓಹಾಯೊದ ಬೆಂಚಿನ ಮುಂದೆಯೇ ಬಂದು ಬಿದ್ದ. ಎದ್ದವನಿಗೆ ಹೇಯ್ಸ್ ಗುದ್ದೇ ಬಿಟ್ಟರು! ಮರುದಿನ ಕೆಲಸ ಹೋಯಿತು. ರಾಷ್ಟ್ರೀಯ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ತಂದ 28 ವರ್ಷಗಳ ಸೇವೆ ಒಂದು ಇಂಟರ್‌ಸೆಪ್ಷನ್‌ಗೆ ಮುಗಿಯಿತು.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ 63 ಟರ್ನೋವರ್ ಮಾಡಿತು. ದಾಖಲೆ ಇನ್ನೂ ಅಲುಗಿಲ್ಲ. 16 ಪಂದ್ಯದಲ್ಲಿ ಗೆದ್ದದ್ದು ಎರಡು. ಮರುವರ್ಷ ಅಲ್ಲಿಗೆ ಕೋಚ್ ಆಗಿ ಬಂದವರು ಬಿಲ್ ವಾಲ್ಶ್; ವರ್ಜಿಲ್ ಕಾರ್ಟರ್ ಬೆಂಗಾಲ್ಸ್‌ನಲ್ಲಿದ್ದಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದವರು ಇವರೇ. ಆಡಳಿತಕ್ಕೆ ಬಂದವರು ಜಾನ್ ಮೆಕ್‌ವೇ. ಜೈಂಟ್ಸ್ ಸ್ಟೇಡಿಯಂನ ಆ ಕರಾಳ ಭಾನುವಾರ ಜೈಂಟ್ಸ್‌ನ ಮುಖ್ಯ ಕೋಚ್ ಆಗಿದ್ದವರು! ಈ ಜೋಡಿಯ ತಂಡ 1981ರ ಋತುವಿನಲ್ಲೇ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಮೆಕ್‌ವೇ ಮೊಮ್ಮಗ ಶಾನ್ ಈಗ ಲಾಸ್ ಏಂಜಲೀಸ್ ರ‍್ಯಾಮ್ಸ್ ಕೋಚ್. ಫಾರ್ಟಿನೈನರ್ಸ್ ಈಗ ಆಡುವುದು ಸ್ಯಾಂಟಾ ಕ್ಲಾರಾದಲ್ಲಿ, ಸಿಲಿಕಾನ್ ವ್ಯಾಲಿಯ ಕನ್ನಡಿಗರ ಮನೆಗಳ ನಡುವೆಯೇ.

ತಮಾಷೆ ಇನ್ನೊಂದಿದೆ. ಆ ಸೂಪರ್ ಬೌಲ್‌ಗೆ ಕರೆದೊಯ್ದ ಡಲ್ಲಾಸ್ ವಿರುದ್ಧದ ಪಂದ್ಯದಲ್ಲಿ ಫಾರ್ಟಿನೈನರ್ಸ್ ಆರು ಸಲ ಚೆಂಡು ಕಳೆದುಕೊಂಡಿತ್ತು. ಆದರೂ 28-27ರಲ್ಲಿ ಗೆದ್ದಿತು. ಆ ಹತ್ತಕ್ಕೆ ಏಳೆಂಟರ ಲೆಕ್ಕ ಬಾಯಿಪಾಠ ಮಾಡಿದವರು ಇದನ್ನೂ ನೆನಪಿಡಬೇಕು.

ಇನ್ನೂ ವಿಚಿತ್ರ ಬೇಕೇ? 1971ರ ಜನವರಿಯ ಐದನೇ ಸೂಪರ್ ಬೌಲ್. ಎರಡೂ ತಂಡ ಸೇರಿ 11 ಟರ್ನೋವರ್. ಬಾಲ್ಟಿಮೋರ್ ಕೋಲ್ಟ್ಸ್ ಏಳು, ಡಲ್ಲಾಸ್ ನಾಲ್ಕು. ಗೆದ್ದದ್ದು ಏಳು ಕಳೆದುಕೊಂಡವರೇ, 16-13! ಪಂದ್ಯಶ್ರೇಷ್ಠ ಮಾತ್ರ ಸೋತ ಡಲ್ಲಾಸ್‌ನ ಚಕ್ ಹೌಲಿ. ಸೋತ ತಂಡದವನಿಗೆ ಆ ಗೌರವ ಸಿಕ್ಕಿದ್ದು ಅದೊಂದೇ ಸಲ.

ಒಂದು ಋತುವಿನಲ್ಲಿ ಅತಿ ಹೆಚ್ಚು ಇಂಟರ್‌ಸೆಪ್ಷನ್ ಕೊಟ್ಟ ದಾಖಲೆ ಹ್ಯೂಸ್ಟನ್ ಆಯಿಲರ್ಸ್‌ನ ಜಾರ್ಜ್ ಬ್ಲಾಂಡಾ ಹೆಸರಲ್ಲಿದೆ: 1962ರಲ್ಲಿ 42. ಆ ತಂಡ ಕೊನೆಯ ಸ್ಥಾನದಲ್ಲಿತ್ತು ಎಂದುಕೊಂಡಿರಾ? 11 ಗೆದ್ದು ಮೂರು ಸೋತು ಆಗಿನ ಇನ್ನೊಂದು ಲೀಗ್ ಎಎಫ್‌ಎಲ್‌ನ ಫೈನಲ್ ಆಡಿತು. ಅಲ್ಲಿ ಬ್ಲಾಂಡಾ ಇನ್ನೈದು ಕೊಟ್ಟ, ತಂಡ ಮೂರೇ ಅಂಕದಲ್ಲಿ ಸೋತಿತು. ಇದರ ತದ್ವಿರುದ್ಧ 2018ರ ಏರನ್ ರಾಜರ್ಸ್. ಸತತ 402 ಪಾಸ್ ಇಂಟರ್‌ಸೆಪ್ಷನ್ ಇಲ್ಲದೆ ಎಸೆದು ದಾಖಲೆ. ಇಡೀ ಋತುವಿನಲ್ಲಿ ಎರಡೇ ಎರಡು. ಅವನ ತಂಡ ಗ್ರೀನ್ ಬೇ ಪ್ಯಾಕರ್ಸ್ ಗೆದ್ದದ್ದು ಆರು, ಸೋತದ್ದು ಒಂಬತ್ತು, ಒಂದು ಟೈ. ಕೋಚ್ ಕೆಲಸ ಋತುವಿನ ನಡುವೆಯೇ ಹೋಯಿತು. ಅಪಾಯವಿಲ್ಲದ ಪಾಸ್‌ನಿಂದ ಅಂಕವೂ ಹುಟ್ಟುವುದಿಲ್ಲ.

ಟರ್ನೋವರ್‌ನಿಂದ ಸೋಲೋ, ಸೋಲಿನಿಂದ ಟರ್ನೋವರೋ? ಎರಡೂ ಹೌದು. 17 ಅಂಕ ಹಿಂದೆ ಬಿದ್ದ ತಂಡ ಹತಾಶೆಯಿಂದ ಉದ್ದುದ್ದ ಪಾಸ್ ಎಸೆಯುತ್ತದೆ, ಅವು ಕಸಿಯಲ್ಪಡುತ್ತವೆ. ಪಂದ್ಯ ಆಗಲೇ ಕೈತಪ್ಪಿರುತ್ತದೆ, ಅಂಕಪಟ್ಟಿಯಲ್ಲಿ ಮಾತ್ರ ಮೂರು ಇಂಟರ್‌ಸೆಪ್ಷನ್ ಕಾರಣದಂತೆ ಕೂತಿರುತ್ತವೆ. ಟಿವಿಯ ಪಂಡಿತರು ಆ ಅಂಕಿಯನ್ನು ಮಂತ್ರದಂತೆ ಪಠಿಸುವಾಗ ಇದನ್ನು ಹೇಳುವುದೇ ಇಲ್ಲ.

ನಾಲ್ಕನೆಯ ಯತ್ನದಲ್ಲಿ ಎದುರಾಳಿ ದೂರಕ್ಕೆ ಎಸೆದ ಪಾಸನ್ನು ಹಿಡಿಯದೆ ನೆಲಕ್ಕೆ ಬಡಿಯುವುದೇ ಜಾಣತನ. ಬಡಿದರೆ ಚೆಂಡು ಹೊರಟ ಜಾಗದಿಂದಲೇ ಸಿಗುತ್ತದೆ. ಹಿಡಿದರೆ ಹಿಡಿದ ಜಾಗದಲ್ಲಿ, ಅಂದರೆ ತನ್ನ ಗೆರೆಗೆ ಇನ್ನೂ ಹತ್ತಿರ. ಆದರೂ ಹಿಡಿಯುತ್ತಾರೆ. ಗುತ್ತಿಗೆಯ ಮಾತುಕತೆಯಲ್ಲಿ ಇಂಟರ್‌ಸೆಪ್ಷನ್ ಸಂಖ್ಯೆಗೆ ಬೆಲೆಯಿದೆಯಲ್ಲ!

1970ರ ದಶಕದಲ್ಲಿ ನೂರು ಪಾಸ್‌ಗೆ ಐದಕ್ಕೂ ಹೆಚ್ಚು ಎದುರಾಳಿಯ ಪಾಲಾಗುತ್ತಿದ್ದವು. ಈಗ ಎರಡೂವರೆಗಿಂತ ಕಡಿಮೆ.

ಒಂದೇ ಪಂದ್ಯದಲ್ಲಿ ಎಂಟು ಇಂಟರ್‌ಸೆಪ್ಷನ್! 1950ರಲ್ಲಿ ಶಿಕಾಗೊ ಕಾರ್ಡಿನಲ್ಸ್‌ನ ಜಿಮ್ ಹಾರ್ಡಿ ಕೊಟ್ಟದ್ದು. ಈಗಿನ ಕೋಚ್‌ಗಳು ನಾಲ್ಕಕ್ಕೇ ಕ್ವಾರ್ಟರ್‌ಬ್ಯಾಕ್‌ನನ್ನು ಕೂರಿಸುವುದರಿಂದ ಈ ದಾಖಲೆಗೆ ಆಯಸ್ಸು ಗಟ್ಟಿ.

ವರ್ಷವಿಡೀ ಚೆಂಡು ಜೋಪಾನ ಮಾಡಿದವರಿಗೆ ಕಪ್ ಸಿಗುತ್ತದೆಯೇ? 1983ರ ವಾಷಿಂಗ್ಟನ್ ತಂಡ ಕಳೆದುಕೊಂಡದ್ದಕ್ಕಿಂತ 43 ಹೆಚ್ಚು ಸಲ ಚೆಂಡು ಕಸಿದಿತ್ತು, ಇಂದಿಗೂ ದಾಖಲೆ. ಸೂಪರ್ ಬೌಲ್‌ನಲ್ಲಿ ರೈಡರ್ಸ್ ವಿರುದ್ಧ 38-9ರ ಸೋಲು. ವಿರಾಮಕ್ಕೆ ಕೆಲವೇ ಸೆಕೆಂಡ್ ಇದ್ದಾಗ ರೈಡರ್ಸ್‌ನ ಜ್ಯಾಕ್ ಸ್ಕ್ವೈರೆಕ್ ಪಾಸ್ ಕಸಿದು ಟಚ್‌ಡೌನ್ ಹೊಡೆದ. 2011ರ ಫಾರ್ಟಿನೈನರ್ಸ್ ಇಡೀ ಋತುವಿನಲ್ಲಿ ಹತ್ತೇ ಸಲ ಚೆಂಡು ಬಿಟ್ಟಿತ್ತು. ಸೂಪರ್ ಬೌಲ್ ಹೊಸ್ತಿಲಲ್ಲಿ ಕೈಲ್ ವಿಲಿಯಮ್ಸ್ ಎರಡು ಪಂಟ್‌ಗಳಲ್ಲಿ ಚೆಂಡು ಕಳೆದುಕೊಂಡು 20-17 ಸೋಲು. 2019ರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಟೇ ಟರ್ನೋವರ್‌ನೊಂದಿಗೆ ಹೊಸ ದಾಖಲೆ ಬರೆಯಿತು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಒಂದು ಇಂಟರ್‌ಸೆಪ್ಷನ್, ಒಂದು ಫಂಬಲ್, ಮನೆಗೆ ದಾರಿ.

ಕೆಟ್ಟದ್ದಕ್ಕೆ ಕಿರೀಟ ಇಟ್ಟದ್ದು ಬಫಲೊ ಬಿಲ್ಸ್. 1993ರ ಜನವರಿಯ ಸೂಪರ್ ಬೌಲ್‌ನಲ್ಲಿ ಒಂಬತ್ತು ಟರ್ನೋವರ್, ಡಲ್ಲಾಸ್‌ಗೆ 52-17 ಜಯ. ಆದರೆ ಆ ಪಂದ್ಯದಲ್ಲಿ ಜನ ನೆನಪಿಟ್ಟದ್ದು ಡಲ್ಲಾಸ್‌ನ ಫಂಬಲ್. ಕೊನೆಯಲ್ಲಿ ಬಿಲ್ಸ್ ಬೀಳಿಸಿದ ಚೆಂಡನ್ನೆತ್ತಿಕೊಂಡ ದಢೂತಿ ಲಿಯಾನ್ ಲೆಟ್ 60 ಯಾರ್ಡ್‌ಗೂ ಹೆಚ್ಚು ಓಡಿದ. ಗೆರೆ ಹತ್ತಿರವಾದಂತೆ ಮೆರೆಯುತ್ತಾ ಚೆಂಡಿದ್ದ ಕೈಯನ್ನು ಬದಿಗೆ ಚಾಚಿದ. ಪಂದ್ಯ ಸೋತಾಗಿದ್ದರೂ ಹಿಂದಿನಿಂದ ಓಡಿಬಂದ ಬಿಲ್ಸ್‌ನ ಡಾನ್ ಬೀಬಿ ಆ ಕೈಗೆ ಹೊಡೆದ. ಚೆಂಡು ಉದುರಿ ಎಂಡ್ ಝೋನ್ ದಾಟಿ ಹೊರಹೋಯಿತು. ಹಾಗಾದರೆ ಚೆಂಡು ಎದುರಾಳಿಗೆ, ಅದೂ 20 ಯಾರ್ಡ್ ಗೆರೆಯಿಂದ. ಅಭಿಮಾನಿಗಳು ಇಂದಿಗೂ ಬೈಯುವ ನಿಯಮವಿದು. ಆ ಟಚ್‌ಡೌನ್ ಆಗಿದ್ದರೆ ಡಲ್ಲಾಸ್ ಸೂಪರ್ ಬೌಲ್‌ನ ಅತಿ ಹೆಚ್ಚು ಅಂಕಗಳ ದಾಖಲೆ ಮುರಿಯುತ್ತಿತ್ತು. 55 ಅಂಕಗಳ ಆ ದಾಖಲೆ ಇನ್ನೂ ಫಾರ್ಟಿನೈನರ್ಸ್ ಹೆಸರಲ್ಲೇ ಇದೆ.