ಇಬ್ಬನಿ ಮೇಲಿಂದ ಬೀಳುವುದಿಲ್ಲ

ಮಳೆ ಬೀಳುತ್ತದೆ, ಆಲಿಕಲ್ಲು ಬೀಳುತ್ತದೆ, ಇಬ್ಬನಿಯೂ ಬೀಳುತ್ತದೆ ಎಂದೇ ನಮ್ಮ ಮಾತು. ಮೊದಲೆರಡು ನಿಜ, ಮೂರನೆಯದಕ್ಕೆ ಸಾಕ್ಷಿ ಸಿಗುವುದಿಲ್ಲ. ಇಬ್ಬನಿಯ ದಿನ ಬೆಳಗ್ಗೆ ಸಿಂಧನೂರಿನ ಯಾವುದೇ ಓಣಿಯಲ್ಲಿ ರಾತ್ರಿಯಿಡೀ ನಿಂತ ಎರಡು ಬೈಕುಗಳನ್ನು ಹೋಲಿಸಿ ನೋಡಿ. ಬಯಲಲ್ಲಿದ್ದದ್ದರ ಸೀಟು ತೊಯ್ದಿರುತ್ತದೆ. ಬೇವಿನ ಮರದಡಿ ಇದ್ದದ್ದರ ಸೀಟು ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಮರ ಕೊಡೆ ಹಿಡಿದದ್ದಕ್ಕೆ ಹೀಗಾಯಿತು ಎಂದರೆ ಅರ್ಧ ಉತ್ತರ ಮಾತ್ರ, ಏಕೆಂದರೆ ಇಬ್ಬನಿಯ ಆ ನೀರು ಸೀಟಿನ ಸುತ್ತಲ ಗಾಳಿಯಲ್ಲೇ ಆವಿಯಾಗಿ ಇತ್ತು, ಎರಡೂ ಬೈಕುಗಳ ಸುತ್ತ ಇದ್ದದ್ದು ಅದೇ ಗಾಳಿ. ಬಯಲಿನ ಸೀಟು ಆಕಾಶಕ್ಕೆ ಶಾಖವನ್ನು ಕೊಟ್ಟು ಸುತ್ತಲ ಗಾಳಿಗಿಂತಲೂ ತಂಪಾಯಿತು, ಅದರ ಮೈಗೆ ತಾಗಿದ ಆವಿ ನೀರಾಯಿತು. ಮರದಡಿಯ ಸೀಟಿಗೆ ಎಲೆಗಳು ತಮ್ಮ ಶಾಖವನ್ನು ಹಿಂದಿರುಗಿಸುತ್ತಲೇ ಇದ್ದವು. ಲಂಡನ್ನಿನಲ್ಲಿ ವೈದ್ಯರಾಗಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಈ ಲೆಕ್ಕವನ್ನು 1814ರಲ್ಲೇ ಬಿಡಿಸಿಟ್ಟರು. ರಾತ್ರಿ ಬಯಲಲ್ಲಿ ಹಲಗೆಯೊಂದನ್ನು ಎತ್ತರಿಸಿ ನಿಲ್ಲಿಸಿ, ಅದರ ಮೇಲೂ ಕೆಳಗೂ ಉಣ್ಣೆಯ ಉಂಡೆಗಳನ್ನಿಟ್ಟು ತೂಗಿದರು. ಆಕಾಶ ಕಂಡ ಉಣ್ಣೆ ಹೆಚ್ಚು ನೀರು ಹಿಡಿದಿತ್ತು. ಮೋಡವಿದ್ದ ರಾತ್ರಿ ಇಬ್ಬನಿ ಕಡಿಮೆ ಏಕೆ ಎಂಬುದಕ್ಕೂ ಇದೇ ಉತ್ತರ. ಮೋಡವೆಂದರೆ ಊರಿಗೆಲ್ಲ ಒಂದೇ ಬೇವಿನ ಮರ.

ದೂರದರ್ಶಕದ ಪಾಡು ಆ ಬಯಲ ಬೈಕಿನದೇ, ಅದಕ್ಕಿಂತ ಕೆಟ್ಟದ್ದು ಎಂದರೂ ನಡೆದೀತು. ಗಂಟೆಗಟ್ಟಲೆ ಆಕಾಶಕ್ಕೆ ಮುಖಕೊಟ್ಟು ಕೂರುವುದೇ ಅದರ ಕಸುಬು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಜು ಚದರ ಮೀಟರಿಗೆ ಸುಮಾರು 400 ವಾಟ್‌ನಷ್ಟು ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಗೆ ಬಿಡುತ್ತದೆ. ತಿಳಿ ಆಕಾಶ ಅದರಲ್ಲಿ ಬಹುಪಾಲನ್ನು ಮರಳಿಸಿದರೂ ಎಂಬತ್ತರಷ್ಟು ವಾಟ್ ಕೈಬಿಟ್ಟು ಹೋಗುತ್ತದೆ. ಎಂಟು ಇಂಚಿನ, ಅಂದರೆ 20 ಸೆಂಟಿಮೀಟರ್ ಅಗಲದ ಮಸೂರಕ್ಕೆ ಇಳಿಸಿದರೆ ಈ ನಷ್ಟ ಎರಡೂವರೆ ವಾಟ್. ಕೇಳಲು ಅತ್ಯಲ್ಪ. ಆದರೆ ಗಾಳಿ ಅಲುಗದ ರಾತ್ರಿಯಲ್ಲಿ ಮಸೂರವನ್ನು ಸುತ್ತಲ ಗಾಳಿಗಿಂತ ಮೂರ್ನಾಲ್ಕು ಡಿಗ್ರಿ ಕೆಳಗಿಳಿಸಲು ಅಷ್ಟು ಸಾಕು. ಇಬ್ಬನಿ ತಡೆಯಲೆಂದು ಮಸೂರದ ಸುತ್ತ ಕಟ್ಟುವ ಹೀಟರ್ ಪಟ್ಟಿ ತುಂಬಿಕೊಡಬೇಕಾದದ್ದೂ ಅಷ್ಟೇ ನಷ್ಟವನ್ನು. ದೂರದರ್ಶಕವನ್ನು ಕಾಯಿಸುವ ಸಾಧನ ಎಂದು ಅದನ್ನು ಬಗೆದವರು ಅದಕ್ಕೆ ಹೆದರುತ್ತಾರೆ. ನಷ್ಟ ಭರ್ತಿ ಮಾಡುವ ಸಾಧನ ಎಂದು ತಿಳಿದವರು ಅದನ್ನು ಹದವಾಗಿ ಬಳಸುತ್ತಾರೆ.

ರಾಯಚೂರು ಜಿಲ್ಲೆಯ ಬಿಸಿಲಿಗೂ ಇಬ್ಬನಿಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳಿಯಾರು. ಈ ಸೀಮೆಯ ತಿಳಿಯಾದ ಆಕಾಶಕ್ಕೆ ಹೆಸರಿದೆ. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣಕ್ಕೆ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಶಿಬಿರ ಹೂಡಿದ್ದರು. ಆದರೆ ಹಗಲಲ್ಲಿ ಉಪಕರಿಸುವ ತಿಳಿ ಆಕಾಶವೇ ರಾತ್ರಿ ಮಸೂರದ ಶಾಖವನ್ನು ದೋಚುವುದು. ಏಪ್ರಿಲ್ ಮಟ್ಟಿಗೆ ಆಕ್ಷೇಪ ಸರಿ. ಸಂಜೆ 36 ಡಿಗ್ರಿ ಬಿಸಿ, ಶೇ. 20 ಆರ್ದ್ರತೆ ಇದ್ದರೆ ಆವಿ ನೀರಾಗಲು 10 ಡಿಗ್ರಿಯ ಹತ್ತಿರಕ್ಕೆ ಇಳಿಯಬೇಕು. ಅದು ಆಗದ ಮಾತು, ಪಟ್ಟಿ ಪೆಟ್ಟಿಗೆಯಲ್ಲೇ ಇರಲಿ. ನವೆಂಬರ್ ದಾಟಿದ ಮೇಲೆ ಲೆಕ್ಕ ಬೇರೆ. ಸಂಜೆ 28 ಡಿಗ್ರಿ, ಆರ್ದ್ರತೆ ಶೇ. 50 ಎಂದುಕೊಳ್ಳಿ. ಆಗ ಇಬ್ಬನಿ ಕಟ್ಟುವ ಮಟ್ಟ ಹದಿನಾರೂವರೆ ಡಿಗ್ರಿ. ನಡುರಾತ್ರಿಗೆ ಗಾಳಿ 20ಕ್ಕೆ ಇಳಿದರೆ ಗಾಳಿಯಲ್ಲೇನೂ ಕಾಣುವುದಿಲ್ಲ, ಮಂಜಿಲ್ಲ, ಮಸುಕಿಲ್ಲ. ಆದರೆ ಅದಕ್ಕಿಂತ ನಾಲ್ಕು ಡಿಗ್ರಿ ತಂಪಾದ ಮಸೂರ ಬೆವರಿ ಕುರುಡಾಗಿರುತ್ತದೆ. ಜೊತೆಗೆ ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳಿವೆ, ಲಿಂಗಸುಗೂರಿನ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ನೀರು ನಿಂತ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ ದೂರದರ್ಶಕಕ್ಕೆ ಒಣ ಸೀಮೆ ಎಂಬ ಹೆಸರು ಕಾವಲಾಗದು. ನೀರಾವರಿ ಇಲ್ಲದ ಎರೆ ಹೊಲದ ಹಿಂಗಾರಿ ಕಡಲೆಗೂ ಇಬ್ಬನಿ ಕೂರುತ್ತದೆ. ಕಡಲೆ ಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ ಹುಳಿ ಇಳಿಸಿಕೊಳ್ಳುವ ಹಳೆಯ ರೂಢಿ ಈ ಇಬ್ಬನಿಯನ್ನೇ ನಂಬಿದ್ದು. ಮಸ್ಕಿಯ ಗುಡ್ಡದ ಪಕ್ಕ, 1915ರಲ್ಲಿ ಅಶೋಕನ ಹೆಸರಿನ ಶಾಸನ ಸಿಕ್ಕ ಆ ಬಂಡೆಗಳ ನಾಡಿನಲ್ಲಿ, ಸ್ವಲ್ಪ ರಿಯಾಯಿತಿ ಉಂಟು. ತಂಪುಗಾಳಿ ಭಾರವಾದ್ದರಿಂದ ಇಳಿಜಾರಿನಿಂದ ಜಾರಿ ತಗ್ಗಿಗೆ ಸೇರುತ್ತದೆ, ಹಗಲೆಲ್ಲ ಕಾದ ಕಲ್ಲು ತಡರಾತ್ರಿಯವರೆಗೂ ಬೆಚ್ಚಗಿರುತ್ತದೆ. ಆದರೆ ಕಲ್ಲಿನ ಮೇಲಿಂದೇಳುವ ಬಿಸಿಗಾಳಿ ನಕ್ಷತ್ರವನ್ನು ಕುಣಿಸುತ್ತದೆ. ಇಬ್ಬನಿ ತಪ್ಪಿಸಲು ಹೋಗಿ ಚಿತ್ರ ಕೆಡಿಸಿಕೊಂಡಂತೆ.

ಪಟ್ಟಿಯೊಳಗೆ ಗಹನವಾದದ್ದೇನೂ ಇಲ್ಲ. ಇಸ್ತ್ರಿ ಪೆಟ್ಟಿಗೆಯಲ್ಲಿರುವಂಥ ನಿಕ್ರೋಮ್ ತಂತಿ, ಇಲ್ಲವೇ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ ರೆಸಿಸ್ಟರುಗಳ ಸಾಲು. ಎರಡು ತಾಮ್ರದ ತಂತಿಗಳ ನಡುವೆ ಏಣಿಯ ಮೆಟ್ಟಿಲಿನಂತೆ 330 ಓಮ್‌ನ 20 ರೆಸಿಸ್ಟರುಗಳನ್ನು ಬೆಸೆದು 12 ವೋಲ್ಟ್ ಕೊಟ್ಟರೆ ಒಂದೊಂದೂ 0.44 ವಾಟ್ ಶಾಖ ಬಿಡುತ್ತದೆ, ಒಟ್ಟು ಎಂಟೂಮುಕ್ಕಾಲು ವಾಟ್. ಅರ್ಧ ವಾಟ್ ತಾಳುವ ರೆಸಿಸ್ಟರ್ ತೀರ ಅಂಚಿಗೆ ಬರುವುದರಿಂದ ಒಂದು ವಾಟಿನದನ್ನೇ ತರಬೇಕು. ಇದನ್ನು ಬಟ್ಟೆಯ ಪಟ್ಟಿಯಲ್ಲಿ ಹೊಲಿದು ಮಸೂರ ಕೂತಿರುವ ಜಾಗದಲ್ಲೇ ಕೊಳವೆಯ ಹೊರಗೆ ಬಿಗಿಯಾಗಿ ಸುತ್ತಿದರಾಯಿತು. ಎರಡೂವರೆ ವಾಟ್ ನಷ್ಟಕ್ಕೆ ಎಂಟೂಮುಕ್ಕಾಲು ಏಕೆಂದರೆ ಪಟ್ಟಿಯ ಶಾಖದಲ್ಲಿ ದೊಡ್ಡ ಪಾಲು ಕೊಳವೆಗೂ ಹೊರಗಿನ ಗಾಳಿಗೂ ಸೋರುತ್ತದೆ. ಎಳೆಯುವ ಕರೆಂಟು ಮುಕ್ಕಾಲು ಆಂಪಿಯರ್‌ನಷ್ಟು. ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಪೂರ್ತಿ ಬರಿದಾಗದೆ ನಾಲ್ಕೈದು ಗಂಟೆ ಎಳೆಯುತ್ತದೆ. ಕರೆಂಟನ್ನು ಕ್ಷಣಕ್ಷಣಕ್ಕೂ ಕೂಡಿಸಿ ಕಡಿಯುವ ಸಣ್ಣ ನಿಯಂತ್ರಕ ಜೊತೆಗಿದ್ದರೆ ಶಾಖವನ್ನು ಬೇಕಾದಷ್ಟೇ ಬಿಡಬಹುದು, ಬ್ಯಾಟರಿಯೂ ಬೆಳಗಿನವರೆಗೆ ಬಾಳುತ್ತದೆ.

ತೂಕವಿರುವ ಆಕ್ಷೇಪ ಬೇರೊಂದಿದೆ. ದೂರದರ್ಶಕವನ್ನು ಗಂಟೆ ಮೊದಲೇ ಹೊರಗಿಟ್ಟು ಆರಿಸುತ್ತೇವೆ, ದೊಡ್ಡ ಕನ್ನಡಿಗೆ ಫ್ಯಾನ್ ಹಚ್ಚಿ ತಂಪು ಮಾಡುತ್ತೇವೆ; ಅಷ್ಟೆಲ್ಲ ಮಾಡಿ ಮತ್ತೆ ಹೀಟರ್ ಸುತ್ತುವುದೆಂಥ ಬುದ್ಧಿ? ವಿರೋಧ ಮೇಲ್ನೋಟದ್ದು. ಮನೆಯೊಳಗಿಂದ ಬಂದ ಗಾಜು ಗಾಳಿಗಿಂತ ಬಿಸಿ, ಅದನ್ನು ಗಾಳಿಯ ಮಟ್ಟಕ್ಕೆ ಇಳಿಸಬೇಕು. ಆಕಾಶ ನೋಡಿದ ಗಾಜು ಗಾಳಿಗಿಂತ ತಂಪು, ಅದನ್ನು ಅದೇ ಮಟ್ಟಕ್ಕೆ ಏರಿಸಬೇಕು. ಆ ಮಟ್ಟ ದಾಟಿದರೆ ಮಾತ್ರ ಮಸೂರದ ಮುಂದೆ ಬಿಸಿಗಾಳಿಯ ಎಳೆಗಳೆದ್ದು ಗುರುಗ್ರಹದ ಪಟ್ಟೆಗಳು ಕಲಸಿಹೋಗುತ್ತವೆ, ಆಗ ತಪ್ಪು ನಿಯಂತ್ರಕದ ಗುಂಡಿ ತಿರುಗಿಸಿದ ಕೈಯದು. ಒರೆಸಿಕೊಂಡರೆ ಸಾಲದೆ ಎನ್ನುವವರಿಗೆ ಉತ್ತರ ಚಿಕ್ಕದು: ಮಸೂರದ ಮೇಲಿನ ಪ್ರತಿಫಲನ ತಡೆಯುವ ಲೇಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳು, ಸುಗ್ಗಿ ಕಾಲದ ಗಾಳಿಯಲ್ಲಿ ದೂಳು ಧಾರಾಳ, ಒರೆಸಿದ ಗಾಜು ತಂಪಾಗಿಯೇ ಇರುವುದರಿಂದ ಕೆಲವೇ ನಿಮಿಷಕ್ಕೆ ಮತ್ತೆ ತೊಯ್ಯುತ್ತದೆ.

ಕೊಳವೆಯ ಮುಂದೆ ಮಸೂರದ ಅಗಲದ ಒಂದೂವರೆ ಪಟ್ಟು ಉದ್ದದ ರಟ್ಟಿನ ಮುಸುಕು ತೊಡಿಸುವುದು ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ, ಖರ್ಚಿಲ್ಲದ್ದು. ಅದು ಬೇವಿನ ಮರದ ಪಾತ್ರ ವಹಿಸಿ ಮಸೂರಕ್ಕೆ ಕಾಣುವ ಆಕಾಶವನ್ನು ಕಿರಿದಾಗಿಸುತ್ತದೆ. ಹಲವು ರಾತ್ರಿ ಅದೊಂದೇ ಸಾಕಾದೀತು. ಕನ್ನಡಿ ಕೊಳವೆಯ ತಳದಲ್ಲಿ ಅಡಗಿರುವ ನ್ಯೂಟನ್ ಮಾದರಿಯ ದೂರದರ್ಶಕವಿದ್ದವರಿಗಂತೂ ಮುಂದಿನ ಪಟ್ಟಿಯ ಹಂಗೇ ಇಲ್ಲ, ಅವರು ಐಪೀಸನ್ನೂ ಮೇಲಿನ ಸಣ್ಣ ಕನ್ನಡಿಯನ್ನೂ ನೋಡಿಕೊಂಡರೆ ಸಾಕು. ಮಸೂರ ಮುಂದಿರುವವರು ಮುಸುಕು, ಪಟ್ಟಿ ಎರಡನ್ನೂ ಕಟ್ಟಿಕೊಳ್ಳಲಿ, ಪಟ್ಟಿಯನ್ನು ಹೊತ್ತು ಮುಳುಗಿದ ಕೂಡಲೇ ಹಚ್ಚಲಿ. ಕೂತ ಇಬ್ಬನಿಯನ್ನು ಆರಿಸಲು ಅದನ್ನು ತಡೆಯುವುದಕ್ಕಿಂತ ಎಷ್ಟೋ ಹೆಚ್ಚು ಶಾಖ ಬೇಕು.