ಮೆಟ್ಟಿಲ ಕೆಳಗಿನ ನಳ

ಹನಿಗೂಡಿದರೆ ಹಳ್ಳ ಎಂದು ಉಳಿತಾಯದ ಪಾಠದಲ್ಲಿ ಓದಿದ್ದೆವು. ನಮ್ಮ ರೂಮಿನಲ್ಲಿ ಅದು ಉಲ್ಟಾ ನಡೆದಿತ್ತು. ವಾಶ್‌ಬೇಸಿನ್ ನಳದ ಬಾಯಿಗೆ ಒಂದು ಲೀಟರಿನ ಮಗ್ ಹಿಡಿದು ಗಡಿಯಾರ ನೋಡಿದರೆ, ಹೆಚ್ಚುಕಡಿಮೆ ಒಂದು ತಾಸಿಗೆ ತುಂಬಿತು. ಅಂದರೆ ದಿನಕ್ಕೆ 24 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಲೆಕ್ಕ ಹಾಕಿರುವುದು 55 ಲೀಟರ್. ಅದರಲ್ಲಿ ಅರ್ಧಕ್ಕೆ ಸಮೀಪದಷ್ಟು ನೀರು, ಯಾರ ಮುಖವನ್ನೂ ತೊಳೆಯದೆ, ರಾತ್ರಿಯಿಡೀ ಟಪ್ ಟಪ್ ಎನ್ನುತ್ತ ಮೋರಿಗೆ ಹೋಗುತ್ತಿತ್ತು. ಮೇಲಿನ ಟ್ಯಾಂಕ್ 500 ಲೀಟರಿನದು. ಅದನ್ನೇ ನಾವು ಮೂವರು ಮತ್ತು ಮೇಲಿನ ಮನೆಯವರು ಹಂಚಿಕೊಳ್ಳಬೇಕು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದಾಗ ಅಲ್ಲಿಯವರಿಗಾಗಿ ಕಟ್ಟಿದ ಊರು ಇದು. ಸೆಕ್ಟರ್ ನಂಬರಿನ ಅಗಲ ರಸ್ತೆಗಳಿವೆ, ಗಿಡಮರಗಳಿವೆ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಾಲೇಜುಗಳು ಬೆಳೆದವು, ಹಿಂದೆಯೇ ಬಾಡಿಗೆಗೆ ರೂಮು ಹುಡುಕುವ ನಮ್ಮಂಥವರೂ ಬಂದೆವು. ಮಂದಿ ಹೆಚ್ಚಾದರೂ ನಿವೇಶನದ ಅಳತೆ ಹೆಚ್ಚಾಗುವುದಿಲ್ಲವಲ್ಲ. ಹಾಗಾಗಿ ಮನೆಯ ಹಿಂದೆ ಒಂದು ರೂಮು, ಅದರ ಬಚ್ಚಲು ಮೆಟ್ಟಿಲ ಕೆಳಗೆ. ಮೂರು ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ. ಒಂದು ಮೂಲೆಯಲ್ಲಿ ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಆ ಮೂಲೆಯಲ್ಲೇ ಪುಟ್ಟ ಬೇಸಿನ್, ಅದರ ಕೆಳಗೆ ಪ್ಲೈವುಡ್ಡಿನ ಸಣ್ಣ ಕಪಾಟು, ಮೇಲೆ ಕನ್ನಡಿ ಡಬ್ಬಿ. ಬೇಸಿನ್ನಿಗೂ ಗೋಡೆಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ.

ನಾನು ಇಳಕಲ್ಲಿನವಳು. ಗೆಳತಿಯರಲ್ಲಿ ಒಬ್ಬಳು ಹುನಗುಂದದವಳು, ಇನ್ನೊಬ್ಬಳು ಬಾದಾಮಿಯವಳು. ಮೂವರದೂ ಡಿಗ್ರಿ ಮುಗಿದಿದೆ, ಮೂವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಬಾದಾಮಿಯವಳದು ಒಂದೇ ಮಾತು: 'ಚಾಲುಕ್ಯರ ಕಾಲದಿಂದ ಅಗಸ್ತ್ಯತೀರ್ಥದಾಗ ನೀರು ನಿಂತೈತಿ, ನಿಮ್ಮ ಒಂದು ನಳದಾಗ ನಿಂದರವಲ್ದು.'

ನಗೆಯ ಮಾತು ಒಂದು ಕಡೆ, ಚಿಂತೆ ಇನ್ನೊಂದು ಕಡೆ. ನೀರು ಬಾಯಿಂದಷ್ಟೇ ಅಲ್ಲ, ನಳದ ಬುಡದಿಂದಲೂ ಜಿನುಗಿ, ಕೆಳಗಿನ ಪೈಪಿನ ಮೇಲೆ ಇಳಿದು ಕಪಾಟಿನ ಹಲಗೆಗೆ ಸೇರುತ್ತಿತ್ತು. ಹಲಗೆ ಹಪ್ಪಳದಂತೆ ಉಬ್ಬತೊಡಗಿತ್ತು. ಕಪಾಟು ಹಾಳಾದರೆ ಡಿಪಾಸಿಟ್ಟಿನಲ್ಲಿ ಹಿಡಿಯುವುದಾಗಿ ಮನೆಯ ಅಕ್ಕಾರು ಮೊದಲೇ ಹೇಳಿದ್ದರು. ಆ ಹತ್ತು ಸಾವಿರವನ್ನು ಮೂರು ಮನೆಗಳಲ್ಲಿ ಹೇಗೆ ಹೊಂದಿಸಿದ್ದರೆಂಬುದು ನಮಗೆ ಗೊತ್ತು.

ಪ್ಲಂಬರ್ ಕರೆಸಬಾರದೇ ಎನ್ನಬಹುದು. ಹುಡುಗಿಯರ ರೂಮಿಗೆ ಗಂಡಸರು ಬರುವುದಾದರೆ ಅಕ್ಕಾರು ಮನೆಯಲ್ಲಿರಬೇಕು, ಅದು ನಿಯಮ. ಅಕ್ಕಾರು ಕೆಲಸ ಮುಗಿಸಿ ಬರುವುದು ಸಂಜೆ ಆರಕ್ಕೆ. ಪ್ಲಂಬರ್ ಸಂಜೆ ಐದರ ಮೇಲೆ ಸಣ್ಣ ಕೆಲಸ ಹಿಡಿಯುವುದಿಲ್ಲ. ಒಂದು ನಳಕ್ಕಾಗಿ ದೊಡ್ಡ ಕಟ್ಟಡದ ಕೆಲಸ ಬಿಟ್ಟು ಬಾ ಎಂದು ಅವರಿಗೆ ಹೇಳುವುದೂ ಸರಿಯಲ್ಲ, ಅಕ್ಕಾರ ನಿಯಮವನ್ನು ತಪ್ಪೆನ್ನಲೂ ನನಗೆ ಮನಸ್ಸಿಲ್ಲ. ಆದರೆ ಇಬ್ಬರ ವೇಳೆಯೂ ಕೂಡದೆ ಹದಿನೈದು ದಿನ ಕಳೆದವು. 'ನಾನ ಬಿಚ್ಚಿ ನೋಡ್ಲೇನ್ರಿ?' ಎಂದು ಕೇಳಿದೆ. ಅಕ್ಕಾರು ನನ್ನ ಕೈ ನೋಡಿದರು, ಮುಖ ನೋಡಿದರು. 'ನೋಡವಾ, ಮುರದ್ರ ಅದೂ ನಿಮ್ಮ ಲೆಕ್ಕಕ್ಕ' ಎಂದರು.

ನಳ ಸೋರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲಿಂದ ಎಂದು ನೋಡುವವರು ಕಡಿಮೆ. ಬಾಯಿಂದ ಹನಿ ಬಿದ್ದರೆ ಒಳಗಿನ ವಾಯ್ಸರ್ ಸವೆದಿದೆ, ಇಲ್ಲವೇ ಅದು ಕೂರುವ ಹಿತ್ತಾಳೆಯ ಸೀಟ್ ಹಾಳಾಗಿದೆ ಎಂದರ್ಥ. ತಿರುಗಿಸುವ ಹಿಡಿಕೆಯ ಕುತ್ತಿಗೆಯಲ್ಲಿ ಜಿನುಗಿದರೆ ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್ ಹೋಗಿದೆ. ಬುಡದಲ್ಲಿ ಬಂದರೆ ಕೆಳಗಿನ ಜೋಡಣೆಯನ್ನೋ ನಳದ ಮೈಯನ್ನೋ ಅನುಮಾನಿಸಬೇಕು. ನಮ್ಮದು ಹಲವು ಸುತ್ತು ತಿರುಗಿಸುವ ಹಳೇ ಮಾದರಿ. ಮೊದಲು ಹತ್ತು ರೂಪಾಯಿಯ ರಬ್ಬರ್ ವಾಯ್ಸರ್ ತಂದು ಹಾಕಿದೆ. ಎಷ್ಟೋ ಮನೆಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ನಮ್ಮಲ್ಲಿ ನಾಲ್ಕು ದಿನ ನಿಂತು ಐದನೇ ದಿನ ಮತ್ತೆ ಶುರುವಾಯಿತು. ಬಿಚ್ಚಿ, ಕಿರುಬೆರಳಿನಿಂದ ಸೀಟ್ ಸವರಿ ನೋಡಿದರೆ ನುಣುಪಾಗಿರಬೇಕಾದದ್ದು ತರಿತರಿಯಾಗಿತ್ತು. ಅಂಥ ಸೀಟಿನ ಮೇಲೆ ಎಷ್ಟು ಹೊಸ ವಾಯ್ಸರ್ ಹಾಕಿದರೂ ಅಷ್ಟೇ. ನಳವನ್ನೇ ಬದಲಿಸಬೇಕು.

ಸೀಟ್ ಹಾಗಾಗಲು ನಮ್ಮ ನೆಲವೂ ಕಾರಣ. ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಎಲ್ಲರಿಗೂ ಗೊತ್ತು. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣದ ಕಲ್ಲು ಬಹಳ, ಸಿಮೆಂಟ್ ಕಾರ್ಖಾನೆಗಳು ಇಲ್ಲಿರುವುದೂ ಅದಕ್ಕೇ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿ ಇಂಥ ಕಲ್ಲಿನೊಳಗೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಹೋಗುತ್ತದೆ. ಬೋರಿನಲ್ಲಿ ಮೇಲೆ ಬರುವುದು ಆ ಗಡಸು ನೀರು. ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟಿ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಳ ಹನಿಯುತ್ತಿದ್ದರೆ ಹನಿಯ ನೀರು ಆರಿ ಸುಣ್ಣ ಅಲ್ಲೇ ಉಳಿಯುತ್ತದೆ. ಸುಣ್ಣ ಕೂತಷ್ಟೂ ವಾಯ್ಸರ್ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನುಗ್ಗುವ ನೀರು ಹಿತ್ತಾಳೆಯನ್ನೂ ಕೊರೆಯುತ್ತದೆ. ಸೋರುವ ನಳ ದಿನದಿನಕ್ಕೆ ಹೆಚ್ಚು ಸೋರುವುದು ಹೀಗೆ.

ಹಾರ್ಡ್‌ವೇರ್ ಅಂಗಡಿಯ ಕಾಕಾ ಮೊದಲು ನಕ್ಕರು. 'ಪ್ಲಂಬರ್‌ನ ಕಳಸವಾ ತಂಗಿ, ನಿನಗೇನು ತಿಳೀತೈತಿ.' 'ನಾನ ಹಾಕಾಕಿ ರೀ ಕಾಕಾ' ಎಂದೆ. ಬಳಿಕ ನಗು ನಿಲ್ಲಿಸಿ ಒಂದೊಂದೇ ಕೇಳಿದರು. ಹಳೇ ನಳದ ಫೋಟೊ ಐತೇನು? ಮ್ಯಾಲೆ ಕನ್ನಡಿ ಡಬ್ಬಿ ಎಷ್ಟು ಮುಂದ ಬಂದೈತಿ? ಕೆಳಗಿನ ಕನೆಕ್ಷನ್ ಪೈಪ್ ಎಷ್ಟುದ್ದ? ನನಗೆ ಕನ್ನಡಿಯ ಪ್ರಶ್ನೆ ಹೊಳೆದೇ ಇರಲಿಲ್ಲ. ಹಿಡಿಕೆ ಮೇಲೆತ್ತುವ ನಳ ತಂದಿದ್ದರೆ ಕನ್ನಡಿ ಡಬ್ಬಿಗೆ ಬಡಿದು ಅರ್ಧವೂ ತೆರೆಯುತ್ತಿರಲಿಲ್ಲ. ಕೊಟ್ಟದ್ದು ಅರ್ಧ ಇಂಚಿನ ಪಿಲ್ಲರ್ ಕಾಕ್, ಕಾಲು ಸುತ್ತು ತಿರುಗಿಸಿದರೆ ತೆರೆಯುವಂಥದ್ದು. ಅದರೊಳಗೆ ರಬ್ಬರ್ ವಾಯ್ಸರ್ ಬದಲು ಒಂದರ ಮೇಲೊಂದು ಜಾರುವ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಇನ್ನೂರರೊಳಗೆ ಪ್ಲಾಸ್ಟಿಕ್ಕಿನದೂ ಇತ್ತು. ಅದಕ್ಕೆ ಸುಣ್ಣದ ನೀರು ಏನೂ ಮಾಡುವುದಿಲ್ಲ, ಹಿತ್ತಾಳೆಯೇ ಆಗಬೇಕೆಂದಿಲ್ಲ ಎಂದು ಕಾಕಾ ಪ್ರಾಮಾಣಿಕವಾಗಿಯೇ ಹೇಳಿದರು. ಅಕ್ಕಾರು ಹಿತ್ತಾಳೆಯದೇ ಇರಲಿ ಎಂದಿದ್ದರು. 650 ರೂಪಾಯಿ, ಹೊಸ ಕನೆಕ್ಷನ್ ಪೈಪಿಗೆ 120.

ಇಷ್ಟಾದರೂ ಪಾನಾ ಇರಲಿಲ್ಲ. ಪಿಲ್ಲರ್ ಕಾಕನ್ನು ಬೇಸಿನ್ನಿಗೆ ಹಿಡಿದಿಡುವ ನಟ್ ಬೇಸಿನ್ನಿನ ಹೊಟ್ಟೆಯ ಹಿಂದೆ, ಗೋಡೆಗೆ ಅಂಟಿದಂತೆ ಇರುತ್ತದೆ. ಸಾದಾ ಪಾನಾ ಅಲ್ಲಿ ಹೊರಳುವುದಿಲ್ಲ. ಕೊಳವೆಯಂಥ ಉದ್ದನೆಯ ಬಾಕ್ಸ್ ಪಾನಾ ಬೇಕು. ಒಂದು ದಿನದ ಕೆಲಸಕ್ಕೆ ಅದನ್ನು ಕೊಳ್ಳುವುದೇಕೆಂದು ಇಳಕಲ್ಲಿಗೆ ಹೋದಾಗ ಮಾಮಾನ ಬಳಿಯಿಂದ ತಂದೆ. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ನನ್ನ ಚೀಲದಲ್ಲಿ ಕಬ್ಬಿಣದ ಪಾನಾ, ಅಮೀನಗಡದ ಕರದಂಟು, ಭಾರತದ ಸಂವಿಧಾನದ ಗೈಡು ಒಟ್ಟಿಗಿದ್ದವು.

ರವಿವಾರ ಬೆಳಗ್ಗೆ ಹಿಡಿದೆ. ಬೇಸಿನ್ ಕೆಳಗಿನ ಆ್ಯಂಗಲ್ ಕಾಕ್ ಬಂದ್ ಮಾಡಲು ಹೋದರೆ ಸುಣ್ಣ ಕಟ್ಟಿ ಜಾಮ್ ಆಗಿತ್ತು. ಅದಕ್ಕೆ ಬಲ ಹಾಕಬಾರದು. ಗೋಡೆಯೊಳಗಿನ ಜೋಡಣೆ ಮುರಿದರೆ ಟೈಲ್ಸ್ ಒಡೆಯುವ ಕೆಲಸವಾಗುತ್ತದೆ. ಹುನಗುಂದದವಳು ಮಾಳಿಗೆ ಹತ್ತಿ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿದಳು. ಮೇಲಿನ ಮನೆಯವರಿಗೆ ಒಂದು ತಾಸು ನೀರಿಲ್ಲ ಎಂದು ಹಿಂದಿನ ರಾತ್ರಿಯೇ ಹೇಳಿ, ಬಕೆಟ್ ತುಂಬಿಸಿಟ್ಟಿದ್ದೆವು. ಹಳೇ ನಳ ತೆರೆದು ಪೈಪಿನಲ್ಲಿದ್ದ ನೀರು ಹರಿಯಬಿಟ್ಟೆವು. ನಟ್ಟಿನ ಸುತ್ತಲಿನ ಸುಣ್ಣಕ್ಕೆ ಲಿಂಬೆಹಣ್ಣಿನ ರಸದಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ತಾಸು ಬಿಟ್ಟರೆ ಬುರುಗಿನಂತೆ ಎದ್ದು ಬಂತು.

ಕಪಾಟಿನ ಬಾಗಿಲು ಕಳಚಿ, ಚಾಪೆ ಹಾಸಿ, ಅಂಗಾತ ಮಲಗಿ ತಲೆ ಒಳಗೆ ತೂರಿಸಿದೆ. ಕಾಲು ಬಚ್ಚಲಿನಿಂದಾಚೆ ರೂಮಿನಲ್ಲಿದ್ದವು. ನಟ್ ಕಣ್ಣಿಗೆ ಕಾಣುವುದಿಲ್ಲ. ಬಾದಾಮಿಯವಳು ಮೇಲಿನಿಂದ ಸಂದಿಯಲ್ಲಿ ಮೊಬೈಲ್ ಇಳಿಸಿ ವಿಡಿಯೊ ತೆಗೆದು ತೋರಿಸಿದ ಮೇಲೆ ಅದೆಲ್ಲಿದೆ ಎಂದು ತಿಳಿಯಿತು. ಮುಂದಿನದೆಲ್ಲ ಬೆರಳಿನ ಕೆಲಸ. ನಮ್ಮ ಮನೆಯಲ್ಲಿ ಅವ್ವ ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸು ಕೂಡಿಸಲು ಎಳೆ ಎಳೆಗೂ ಕೊಂಡಿ ಹಾಕುವುದನ್ನು ನೋಡುತ್ತ ಬೆಳೆದವಳು ನಾನು. ಅವಳ ಕಣ್ಣು ನಮ್ಮ ಮೇಲಿರುತ್ತಿತ್ತು, ಬೆರಳು ಎಳೆಯ ಮೇಲೆ. ಮೊದಲು ಕನೆಕ್ಷನ್ ಪೈಪ್ ಬಿಚ್ಚಿದೆ, ಅದು ಇದ್ದರೆ ಬಾಕ್ಸ್ ಪಾನಾ ನಟ್ಟಿನವರೆಗೆ ಏರುವುದಿಲ್ಲ. ಕೆಳಗಿನಿಂದ ಮೇಲೆ ನೋಡುವಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಎರಡು ಸಲ ಜಾರಿತು, ಮೂರನೆಯದಕ್ಕೆ ಕಿರ್ ಎಂದಿತು. ಹೊರಗೆ ತೆಗೆದಾಗ ಬುಡದ ಸೋರಿಕೆಯೂ ತಿಳಿಯಿತು: ನಳದ ಕಾಲಿನಲ್ಲಿ ಕೂದಲೆಳೆಯಷ್ಟು ಬಿರುಕು.

ಹೊಸದನ್ನು ಕೂರಿಸಲು ಹತ್ತು ನಿಮಿಷ ಸಾಕಾಯಿತು. ಕನೆಕ್ಷನ್ ಪೈಪಿನ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಲು ಹೋಗಬೇಡಿ. ಅದರೊಳಗೆ ರಬ್ಬರ್ ವಾಯ್ಸರ್ ಇದೆ, ನೀರು ತಡೆಯುವುದು ಅದೇ. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಕಾಲು ಸುತ್ತು ಸಾಕು. ಟೇಪ್ ಬೇಕಾಗುವುದು ಗೋಡೆಯ ಪೈಪಿಗೆ ಕೂರುವ ಆ್ಯಂಗಲ್ ಕಾಕಿನಂಥ ಚೂಡಿಗೆ. ಸಿಕ್ಕಲ್ಲೆಲ್ಲ ಟೇಪ್ ಸುತ್ತಿ, ಸಿಕ್ಕಷ್ಟು ಬಲ ಹಾಕಿ ಬಿಗಿಯುವುದರಿಂದಲೇ ಬಿರುಕು ಬರುತ್ತದೆ. ವಾಲ್ವ್ ತೆರೆದು, ಕಪಾಟಿನಲ್ಲಿ ಹಳೇ ದಿನಪತ್ರಿಕೆ ಹಾಸಿ ರಾತ್ರಿಯಿಡೀ ಬಿಟ್ಟೆವು. ಕಾಗದದ ಮೇಲೆ ಒಂದು ಹನಿ ಬಿದ್ದರೂ ಬೆಳಗ್ಗೆ ಕಲೆ ಕಾಣುತ್ತದೆ. ಪತ್ರಿಕೆ ಒಣಗಿಯೇ ಇತ್ತು.

ಅಕ್ಕಾರು ನಳದ ದುಡ್ಡನ್ನು ಬಾಡಿಗೆಯಲ್ಲಿ ಮುರಿದುಕೊಂಡರು, ಉಬ್ಬಿದ ಹಲಗೆಯ ಸುದ್ದಿ ಮತ್ತೆ ಎತ್ತಲಿಲ್ಲ. ವಾರದ ಮೇಲೆ ಮೇಲಿನ ಮನೆಯವರ ಅಡುಗೆಮನೆಯ ನಳಕ್ಕೂ ಕರೆ ಬಂತು. ಅಲ್ಲಿ ವಾಯ್ಸರ್ ಒಂದೇ ಸಾಕಾಯಿತು, ಇಪ್ಪತ್ತು ನಿಮಿಷದ ಕೆಲಸ. ಆ ತಾಯಿ ಇನ್ನೂರು ರೂಪಾಯಿ ಕೊಟ್ಟರು, ನಾನು ಇಸಿದುಕೊಂಡೆ. ರೂಮಿನಲ್ಲಿ ಅದೇ ದೊಡ್ಡ ಚರ್ಚೆ. 'ಡಿಗ್ರಿ ಓದಿದಾಕಿ ನಳಾ ರಿಪೇರಿ ಮಾಡಿ ರೊಕ್ಕ ತಗೋತಾಳಂದ್ರ ಊರಾಗ ಏನಂದಾರ?' ಎಂದು ಹುನಗುಂದದವಳಿಗೆ ನಿಜಕ್ಕೂ ಬೇಸರ. ಟ್ಯೂಷನ್ ಹೇಳಿ ದುಡ್ಡು ತೆಗೆದುಕೊಂಡರೆ ಯಾರೂ ಏನೂ ಅನ್ನುವುದಿಲ್ಲವಲ್ಲ, ಪಾನಾ ಹಿಡಿದದ್ದಕ್ಕೆ ಏಕೆ ಎಂದು ನಾನು ಕೇಳಿದೆ. ಐಟಿಐಯಲ್ಲಿ ಒಂದು ವರ್ಷ ಪ್ಲಂಬರ್ ಟ್ರೇಡ್ ಕಲಿತವರಿಗೆ ಕೈತುಂಬ ಕೆಲಸವಿದೆ. ಹುಡುಗಿಯರ ರೂಮು, ಹಾಸ್ಟೆಲ್ಲುಗಳ ಈ ಊರಿನಲ್ಲಿ ಹಗಲು ಹೊತ್ತು ನಿಶ್ಚಿಂತೆಯಿಂದ ಒಳಗೆ ಕರೆಯಬಹುದಾದ ಪ್ಲಂಬರ್ ಮಾತ್ರ ನಮಗೆ ಸಿಕ್ಕಿರಲಿಲ್ಲ. ಚರ್ಚೆ ಮುಗಿದಿಲ್ಲ. ನನ್ನ ಅರ್ಜಿಗಳೂ ಹಾಕಿದಲ್ಲೇ ಇವೆ, ಓದೂ ನಡೆದಿದೆ.

ಫೋನಿನಲ್ಲಿ ಅವ್ವ ಕೂಡ 'ಮಂದಿ ಮುಂದ ಹೇಳಬ್ಯಾಡ' ಎಂದಳು. ಮಗ್ಗದ ಸದ್ದಿನ ನಡುವೆ ಅಪ್ಪ ಕೇಳಿದ್ದು ಒಂದೇ: 'ಈಗ ಸೋರಾಕತ್ತಿಲ್ಲ ಹೌದಿಲ್ಲೋ?'

ಹಳೇ ನಳವನ್ನು ಅಕ್ಕಾರು ನಮಗೇ ಬಿಟ್ಟರು. ಗುಜರಿಯವನು ಹಿತ್ತಾಳೆಯ ತೂಕಕ್ಕೆ ಕೊಟ್ಟ ದುಡ್ಡಿನಲ್ಲಿ ಮೂವರಿಗೂ ಗಿರ್ಮಿಟ್, ಚಹಾ ಆಯಿತು. ಹುನಗುಂದದವಳು ಎರಡನೇ ಸಲವೂ ಹಾಕಿಸಿಕೊಂಡಳು.